ಮಗಳಿಗೊಂದು ಪತ್ರ: ಗುಡ್ಡದ ಮೇಲಿನ ಮೊದಲ ವರ್ಷಕ್ಕೆ

ಪ್ರೀತಿಯ ಮಗಳೇ,

ಜಾರ್ಖಂಡ್‌ನ ಪಾಕುಡ್ ಸ್ಟೇಷನ್ನಿನಲ್ಲಿ ಇಳಿದು ಲಿಟ್ಟಿಪಾಡಾ ಕಡೆಯ ಗುಡ್ಡ ಹತ್ತುವಷ್ಟರಲ್ಲಿ ಫೋನಿನ ಸಿಗ್ನಲ್ ನೆಚ್ಚುವಂತಿರುವುದಿಲ್ಲ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ, ಚೀಲದಲ್ಲಿ ಇಟ್ಟುಕೋ. ಸುವಾರ್ತೆಯ ಮಾತನ್ನು ಸಭಾಪಾಲಕರೂ ತರಬೇತಿಯವರೂ ಹೇಳಿದ್ದಾರೆ. ನಾನು ನೀರು, ನಿದ್ದೆ, ಜ್ವರ, ದುಡ್ಡು ಇಷ್ಟನ್ನೇ ಬರೆಯುತ್ತೇನೆ. ಹೊಸ ಮಿಷನರಿಗಳು ಎಡವುವುದು ಹೆಚ್ಚಾಗಿ ಇಲ್ಲೇ.

ರಾಜಮಹಲ್ ಬೆಟ್ಟದ ಪಹಾಡಿಯಾ ಬುಡಕಟ್ಟಿನ ಊರುಗಳು ಬಹಳಷ್ಟು ಗುಡ್ಡದ ನೆತ್ತಿಯ ಮೇಲಿವೆ, ನೀರು ಕೆಳಗಿನ ಒರತೆಯಲ್ಲಿ. ಅದನ್ನು ಅಲ್ಲಿ ಝರನಾ ಅನ್ನುತ್ತಾರೆ. ಕೊಡ ಹೊತ್ತು ಹತ್ತುವವರು ಹೆಂಗಸರು. ಸರದಿಯಲ್ಲಿ ಅವರ ಹಿಂದೆ ನಿಲ್ಲು. ಬಟ್ಟೆಗೆ ಸೋಪು ಹಚ್ಚುವುದಾದರೆ ಗುಂಡಿಯಿಂದ ಕೆಳಗೆ, ನೀರು ಹರಿದು ಹೋಗುವ ಕಡೆ ಕೂತು ಹಚ್ಚು. ಕುಡಿಯುವ ನೀರನ್ನು ನಾಲ್ಕು ಮಡಿಕೆ ಹತ್ತಿ ಬಟ್ಟೆಯಲ್ಲಿ ಸೋಸಿ, ಗುಳ್ಳೆ ಎದ್ದು ಕೊತಕೊತ ಕುದಿಯುವಾಗ ಒಂದು ನಿಮಿಷ ಬಿಟ್ಟರೆ ಸಾಕು. ಹತ್ತು ಹದಿನೈದು ನಿಮಿಷ ಕುದಿಸುವುದು ಸೌದೆ ಸುಡುವ ಕೆಲಸ, ಆ ಸೌದೆಯನ್ನೂ ಯಾರೋ ಹೊತ್ತು ತಂದಿರುತ್ತಾರೆ. ಕ್ಲೋರಿನ್ ಗುಳಿಗೆ ಹಾಕಿದರೆ ಅರ್ಧ ಗಂಟೆ ಕಾಯಬೇಕು. ಮಳೆಗಾಲದ ಕೆಂಪು ನೀರಿಗೆ ಗುಳಿಗೆ ಹಾಗೆಯೇ ಹಾಕಬೇಡ, ಕೆಸರು ಮದ್ದನ್ನು ತಿಂದುಬಿಡುತ್ತದೆ. ಮೊದಲು ತಿಳಿಯಾಗಲಿ. ಕುದಿಸಿದ ನೀರು ಕೆಡುವುದು ಸಾಮಾನ್ಯವಾಗಿ ಕೈಯಿಂದ: ಬಂದವರೆಲ್ಲ ಲೋಟ ಅದ್ದುತ್ತಾರೆ. ಬಾಯಿ ಕಿರಿದಾದ, ಮುಚ್ಚಳವಿರುವ ಪಾತ್ರೆ, ಉದ್ದ ಹಿಡಿಯ ಸೌಟು ಇಟ್ಟುಕೋ. ಸಾಧ್ಯವಾದರೆ ನಲ್ಲಿ ಇರುವ ಡಬ್ಬಿಯೇ ಆಗಲಿ.

ಮಲಗುವುದು ಮಂಚದ ಮೇಲೆ, ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ. ಇದಕ್ಕೆ ಎರಡು ಕಾರಣ. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಹೆಚ್ಚಿರುವುದಿಲ್ಲ, ಗುರುತೂ ಕಾಣದೆ ಇರಬಹುದು. ಬೆಳಗಿನ ಜಾವ ಹೊಟ್ಟೆನೋವು, ಜೋತುಬಿದ್ದ ರೆಪ್ಪೆ, ನುಂಗಲು ಕಷ್ಟ ಎಂದು ಯಾರಾದರೂ ಬಂದರೆ ಕಚ್ಚಿದ ಜಾಗ ಹುಡುಕುತ್ತಾ ಕೂರಬೇಡ. ಕುಯ್ಯುವುದು, ಬಿಗಿದು ಕಟ್ಟುವುದು ಬೇಡ. ನಡೆಸದೆ ಎತ್ತಿಕೊಂಡು ವಿಷಪ್ರತಿರೋಧಕ ಇರುವ ಆಸ್ಪತ್ರೆಗೆ ಸಾಗಿಸು. ಆ ಆಸ್ಪತ್ರೆ ಯಾವುದು, ಗಾಡಿ ಯಾರದು, ಇದನ್ನು ಹೋದ ಮೊದಲ ವಾರವೇ ವಿಚಾರಿಸಿಡು.

ಎರಡನೆಯದು ಮರಳು ನೊಣ. ಅದು ಸೊಳ್ಳೆಯ ಮೂರನೇ ಒಂದು ಪಾಲಿನಷ್ಟಿರುತ್ತದೆ, ಗುಂಯ್ ಎನ್ನುವುದಿಲ್ಲ, ಕುಪ್ಪಳಿಸಿದ ಹಾಗೆ ಹಾರುತ್ತದೆ. ಸಾಮಾನ್ಯ ಪರದೆಯ ಕಣ್ಣಿನಲ್ಲಿ ನುಸುಳಿಬಿಡುತ್ತದೆ. ಕಾಲಾ ಅಜಾರ್ ಎಂಬ ದೀರ್ಘ ಜ್ವರದ ರೋಗ ಹರಡುವುದು ಇದೇ. ಮಣ್ಣಿನ ಗೋಡೆಯ ಬಿರುಕು, ದನದ ಕೊಟ್ಟಿಗೆಯ ತೇವ ಅದರ ಮನೆ, ಹಾಗಾಗಿ ನಿನ್ನ ಕೋಣೆಯ ಬಿರುಕುಗಳನ್ನು ಮೊದಲೇ ಮುಚ್ಚಿಸು. ಸರ್ಕಾರದವರು ಗೋಡೆಗೆ ಆರು ಅಡಿ ಎತ್ತರದವರೆಗೆ ಔಷಧಿ ಹೊಡೆಯುತ್ತಾರೆ. ಹಬ್ಬ ಬಂತೆಂದು ಜನ ಅದರ ಮೇಲೇ ಹೊಸ ಮಣ್ಣು ಸಾರಿಸಿದರೆ ಔಷಧಿ ಮಣ್ಣಿನಡಿ ಹೂತುಹೋಗುತ್ತದೆ. ಸಾರಿಸುವುದನ್ನು ಮೊದಲು ಮುಗಿಸಿ, ಹೊಡೆದ ಮೇಲೆ ಮೂರು ತಿಂಗಳು ಗೋಡೆ ಮುಟ್ಟದಿರುವಂತೆ ಮನೆಯ ಹೆಂಗಸರಿಗೆ ಹೇಳು, ಗೋಡೆ ಸಾರಿಸುವವರು ಅವರೇ.

ಯಾವ ಜ್ವರ ಬಂದರೂ ಮೊದಲ ದಿನವೇ ಮಲೇರಿಯಾ ಪರೀಕ್ಷೆ ಆಗಬೇಕು. ಆಶಾ ಕಾರ್ಯಕರ್ತೆಯನ್ನು ಜಾರ್ಖಂಡ್‌ನಲ್ಲಿ ಸಹಿಯಾ ಅನ್ನುತ್ತಾರೆ, ಪರೀಕ್ಷೆಯ ಕಿಟ್ ಅವಳ ಹತ್ತಿರ ಇರುತ್ತದೆ. ಅವಳನ್ನು ಬದಿಗಿಟ್ಟು ನೀನೇ ವೈದ್ಯಳಾಗಬೇಡ. ಅವಳು ಆ ಊರಿನಲ್ಲೇ ಇರುವವಳು, ನೀನು ಹೋಗುವವಳು. ಜ್ವರ ಎರಡು ವಾರ ದಾಟಿ, ಮೈ ಇಳಿದು, ಎಡಗಡೆ ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಊದಿದ್ದರೆ ಕಾಲಾ ಅಜಾರ್ ಇರಬಹುದು. ಬೆರಳ ತುದಿಯ ರಕ್ತದಲ್ಲಿ ಆರ್‌ಕೆ39 ಪರೀಕ್ಷೆ ಮಾಡುತ್ತಾರೆ. ಈಗ ಒಂದೇ ದಿನ ರಕ್ತನಾಳದ ಮೂಲಕ ಕೊಡುವ ಔಷಧಿ ಇದೆ. ರೋಗ ಕಡಿಮೆಯಾಗಿದೆ ನಿಜ, ಆದರೆ ಅಪರೂಪವಾದ ರೋಗ ಬೇಗ ಮರೆತುಹೋಗುತ್ತದೆ. ಗುಣವಾದವರ ಮೈಮೇಲೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ನಂತರ ಬಿಳಿಚು ಮಚ್ಚೆಗಳು ಏಳಬಹುದು. ನೋವಿಲ್ಲವಾದ್ದರಿಂದ ಯಾರೂ ತೋರಿಸಿಕೊಳ್ಳುವುದಿಲ್ಲ, ನೊಣಕ್ಕೆ ರೋಗ ಹತ್ತುವುದು ಅವರಿಂದಲೂ ಹೌದು. ಅವರನ್ನೂ ಆಸ್ಪತ್ರೆಗೆ ಕಳಿಸು.

ಭೇದಿಗೆ ಓಆರ್‌ಎಸ್ ಪೊಟ್ಟಣ ಎರಡು ಅಳತೆಯಲ್ಲಿ ಬರುತ್ತದೆ: ಒಂದು ಲೀಟರಿನದು, 200 ಮಿಲಿಯದು. ದೊಡ್ಡದನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಮಗುವಿಗೆ ಇನ್ನಷ್ಟು ತೊಂದರೆ. ತಾಯಿಯ ಮನೆಯದೇ ಪಾತ್ರೆಯಲ್ಲಿ ಲೀಟರ್ ಅಳೆದು ಇದ್ದಿಲಿನಿಂದ ಗೆರೆ ಎಳೆದು ಕೊಡು. ಪೊಟ್ಟಣ ಇಲ್ಲದ ದಿನ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಚಮಚದ ಮೇಲೆ ಗುಡ್ಡೆ ಏಳದಂತೆ ಸಮ ಮಾಡಿ. ಕಲಸಿದ್ದನ್ನು ಮರುದಿನಕ್ಕೆ ಇಡಬಾರದು. ಆರು ತಿಂಗಳು ದಾಟಿದ ಮಗುವಿಗೆ ಸತು 20 ಮಿಗ್ರಾಂ, 14 ದಿನ. ಮೂರನೇ ದಿನ ಭೇದಿ ನಿಂತಿತೆಂದು ಗುಳಿಗೆ ನಿಲ್ಲಿಸುತ್ತಾರೆ, ಆಗ ಮತ್ತೊಮ್ಮೆ ಹೋಗಿ ನೋಡು. ಬಾಟಲಿ ಏರಿಸು, ಸೂಜಿ ಹಾಕು ಎಂದು ಕೇಳಿಯೇ ಕೇಳುತ್ತಾರೆ. ನಿನ್ನ ಪೆಟ್ಟಿಗೆಯಲ್ಲಿ ಸೂಜಿಯೇ ಇರದಿದ್ದರೆ ಇಲ್ಲವೆನ್ನುವುದು ಸುಲಭ.

ಇನ್ನು ಮುಖ್ಯವಾದದ್ದು. ಔಷಧಿಯ ಪೆಟ್ಟಿಗೆಯೂ ಸತ್ಯವೇದವೂ ಒಂದೇ ಭೇಟಿಯಲ್ಲಿ ಹೋಗಬಾರದು. ಔಷಧಿ ಬೆಳಿಗ್ಗೆ, ಕೇಳಿದ ಎಲ್ಲರಿಗೂ, ಯಾವ ದೇವರನ್ನು ಕರೆಯುವವರಾದರೂ. ಪ್ರಾರ್ಥನೆ ಸಂಜೆ, ಕರೆದವರ ಮನೆಯಲ್ಲಿ. ರೋಗಿಯೇ ಪ್ರಾರ್ಥನೆ ಮಾಡು ಅಂದರೂ ಗುಳಿಗೆ ಕೊಟ್ಟು ಬಂದು, ಸಂಜೆ ಬರಿಗೈಯಲ್ಲಿ ಹೋಗು. ಪ್ರಾರ್ಥನೆಗೆ ಕೂತವರಿಗೆ ಬಟ್ಟೆ, ಅಕ್ಕಿ, ಮಕ್ಕಳಿಗೆ ಚಾಕೊಲೇಟು ಬೇಡ. ತಂದೆತಾಯಿ ಒಪ್ಪದೆ ಮಕ್ಕಳನ್ನು ಕೂರಿಸಬೇಡ. ಜಾರ್ಖಂಡ್‌ನ 2017ರ ಕಾಯ್ದೆಯಲ್ಲಿ ಬಲವಂತ, ಆಮಿಷ, ವಂಚನೆಯ ಮತಾಂತರಕ್ಕೆ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡವಿದೆ. ಹೆಂಗಸರು, ಮಕ್ಕಳು, ಪರಿಶಿಷ್ಟರ ವಿಷಯದಲ್ಲಿ 4 ವರ್ಷ, ಒಂದು ಲಕ್ಷ. ಮತಾಂತರದ ವಿಧಿಗೆ ಜಿಲ್ಲಾಧಿಕಾರಿಯ ಪೂರ್ವಾನುಮತಿ ಬೇಕು. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಹಸಿದವರ ಆಮೆನ್ ನಂಬಿಕೆಯದೋ ಅನ್ನದ್ದೋ ಎಂದು ನಿನಗೆ ಹೇಗೆ ತಿಳಿಯುತ್ತದೆ?

ದುಡ್ಡಿಗೂ ಇದೇ ಲೆಕ್ಕ. ಪಹಾಡಿಯಾಗಳು ಕುರ್ವಾ ಎಂಬ ಗುಡ್ಡದ ಬೇಸಾಯದಲ್ಲಿ ಮೆಕ್ಕೆಜೋಳ, ಬರ್ಬಟಿ ಬೆಳೆಯುತ್ತಾರೆ. ಬರ್ಬಟಿ ಅಂದರೆ ನಮ್ಮ ಅಲಸಂದೆ. ಬೆಳೆ ಬರುವ ಮೊದಲೇ ಮಹಾಜನ ಸಾಲ ಕೊಟ್ಟು, ಕೊಯ್ಲಿನಲ್ಲಿ ತನ್ನ ಬೆಲೆಗೆ ಎತ್ತಿಕೊಂಡು ಹೋಗುತ್ತಾನೆ. ನೀನು ಕೈಸಾಲ ಕೊಟ್ಟರೆ ವಸೂಲಿಗೆ ಹೋಗಬೇಕು, ಇಲ್ಲವೇ ಅವರು ನಿನ್ನ ಕಣ್ಣು ತಪ್ಪಿಸಿ ತಿರುಗುತ್ತಾರೆ. ಅದಕ್ಕಿಂತ ಸರ್ಕಾರದ ಡಾಕಿಯಾ ಯೋಜನೆಯ 35 ಕಿಲೋ ಅಕ್ಕಿ ತಿಂಗಳು ತಿಂಗಳು ಮನೆಗೆ ಮುಟ್ಟುತ್ತಿದೆಯೇ, ತೂಕ ಸರಿಯಿದೆಯೇ ನೋಡು. ಓದುಬರಹ ಬಂದವರ ಕೈಲಿ ಅರ್ಜಿ ಬರೆಸು. ಮಿಷನ್ ಹಣಕ್ಕೆ ಒಂದು ವಹಿ, ನಿನ್ನ ಹಣಕ್ಕೆ ಇನ್ನೊಂದು, ರಾತ್ರಿ ಮಲಗುವ ಮೊದಲೇ ಬರೆದು ಮುಗಿಸು.

ಪಹಾಡಿಯಾಗಳ ಭಾಷೆ ಮಾಲ್ತೋ, ನಮ್ಮ ಕನ್ನಡದ ದೂರದ ದ್ರಾವಿಡ ನೆಂಟ. ಆದರೆ ಆ ನೆಂಟಸ್ತಿಕೆಯಿಂದ ಒಂದು ಲೋಟ ನೀರೂ ಕೇಳಲಾಗುವುದಿಲ್ಲ, ಕಲಿಯಲೇಬೇಕು. ಟಿಪ್ಪಣಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೋ: ಎ ಏ, ಒ ಓ ಬೇರೆ ಬೇರೆ ತೋರಿಸಲು ದೇವನಾಗರಿಗಿಂತ ಅದೇ ಅನುಕೂಲ. ಗಂಟಲಾಳದಿಂದ ಬರುವ ಕಕಾರಕ್ಕೆ ಮಾತ್ರ ನಮ್ಮಲ್ಲಿ ಅಕ್ಷರವಿಲ್ಲ, ಕೆಳಗೊಂದು ಚುಕ್ಕೆ ಇಡು. ಮುದುಕಿಯರ ಹತ್ತಿರ ಕಲಿ, ಅವರು ಹಿಂದಿ ಬೆರೆಸುವುದು ಕಡಿಮೆ. ಡ್ರೋಸೆ ಎಂಬ ಮಿಷನರಿ 1884ರಲ್ಲೇ ಮಾಲ್ತೋ ವ್ಯಾಕರಣ ಅಚ್ಚು ಹಾಕಿಸಿದ್ದರು. ನಮ್ಮ ಕಿಟೆಲ್ ಭಾರತಕ್ಕೆ ಬಂದದ್ದು 1853ರಲ್ಲಿ, ನಿಘಂಟು ಹೊರಬಂದದ್ದು 1894ರಲ್ಲಿ. ಆರು ತಿಂಗಳಲ್ಲಿ ಪ್ರಸಂಗ ಮಾಡಬೇಕೆಂದು ಯಾರಾದರೂ ಅವಸರಪಡಿಸಿದರೆ ಇದನ್ನು ನೆನಪಿಸು.

ದಿನಚರಿ ಊರಿನದೇ ಆಗಲಿ. ಹೆಂಗಸರು ನಸುಕಿನಲ್ಲೇ ಏಳುತ್ತಾರೆ, ನಿನ್ನ ಧ್ಯಾನ ಅದಕ್ಕೂ ಮುಂಚೆ ಮುಗಿದಿರಲಿ, ಆಮೇಲೆ ಹೊತ್ತು ಸಿಗುವುದಿಲ್ಲ. ಮಧ್ಯಾಹ್ನ ಮನೆಗಳು ಖಾಲಿ, ಅದು ವಹಿಗೆ, ಭಾಷೆಗೆ, ಒಂದು ಗಳಿಗೆ ನಿದ್ದೆಗೆ. ಬೆಳೆ ಕಾಯುವ ಕಾಲಕ್ಕೆ ಕುಟುಂಬಗಳು ಹೊಲದ ಗುಡಿಸಲಿಗೆ ಹೋದಾಗ ಪಾಠಕ್ಕೆ ಮಕ್ಕಳು ಬರದಿದ್ದರೆ ಬೇಸರ ಬೇಡ. ಜೊತೆಗಿರುವ ಅಕ್ಕನ ಹತ್ತಿರ ಮೊದಲ ದಿನವೇ ಅಡಿಗೆಯ ಸರದಿ ಗೊತ್ತುಮಾಡಿಕೋ, ವಾರ ವಾರ ಬದಲಾಗಲಿ. ಇಬ್ಬರು ಪ್ರಾರ್ಥನಾವಂತರು ಒಂದು ಒಲೆಗೆ ಜಗಳವಾಡುವುದು ಹೊಸದೇನಲ್ಲ.

ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪ್ರಯಾಣಕ್ಕೆ ಕಟ್ಟಿದ್ದೇನೆ. ರೊಟ್ಟಿಗೆ ತೇವ ತಾಗಿಸಬೇಡ. ಹೋದ ಮೇಲೆ ಮಂಚದ ಉದ್ದ, ಅಗಲ, ಮಾಡಿನ ಎತ್ತರ ಅಳೆದು ಬರೆ, ಸಣ್ಣ ಕಣ್ಣಿನ ಪರದೆ ಇಲ್ಲೇ ಹೊಲಿಸಿ ಕಳಿಸುತ್ತೇನೆ.

ನಿನ್ನ ಅವ್ವ
ಬೆಟಗೇರಿ