ಅಪ್ರೆಂಟಿಸ್‌ಗೆ ಹೊರಟ ಅಳಿಯನಿಗೆ

ಚಿ. ಮಂಜುನಾಥನಿಗೆ ಮಾವನ ಆಶೀರ್ವಾದಗಳು.

ಅಕ್ಕ ಫೋನ್ ಮಾಡಿದ್ದಳು. ಐಟಿಐ ಫಿಟ್ಟರ್ ಮುಗಿಸಿದ್ದೀಯ, ಪೀಣ್ಯದಲ್ಲಿ ಅಪ್ರೆಂಟಿಸ್, ಅಂದರೆ ಕೆಲಸ ಮಾಡುತ್ತಲೇ ಕಲಿಯುವ ತರಬೇತಿ ಸಿಕ್ಕಿದೆ, ಆದರೆ ತಿಂಗಳಿಗೆ ಏಳೇ ಸಾವಿರ ಅಂತ ಮುಖ ಊದಿಸಿಕೊಂಡಿದ್ದೀಯಂತೆ. ಹೆಲ್ಪರ್ ಆಗಿ ಸೇರಿದರೆ ಜಾಸ್ತಿ ಸಿಗುತ್ತೆ, ನಿಜ. ಆದರೆ ವರ್ಷಗಟ್ಟಲೆ ಚೂರು ಗುಡಿಸಿದ ಹೆಲ್ಪರ್ ಕೈಗೆ ಅಳತೆ ನೋಡುವ ಒಂದು ವರ್ನಿಯರ್ ಕೊಡದ ಶಾಪ್‌ಗಳನ್ನು ನಾನು ಕಂಡಿದ್ದೇನೆ. ಅಪ್ರೆಂಟಿಸ್‌ಗೇ ಹೋಗು. ಕಣ್ಣು ಬಿಟ್ಟುಕೊಂಡು ಹೋಗು, ಅಷ್ಟೇ.

ದುಡ್ಡಿನ ಲೆಕ್ಕ ಕೇಳು. 2016ರಲ್ಲಿ ಕೇಂದ್ರ ಸರ್ಕಾರ ಎನ್‌ಎಪಿಎಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆ) ಅಂತ ತಂದಿತು. ಸ್ಟೈಪೆಂಡಿನ, ಅಂದರೆ ತರಬೇತಿ ಭತ್ಯೆಯ ಕಾಲು ಭಾಗ ಸರ್ಕಾರದ್ದು, ಆದರೆ ತಿಂಗಳಿಗೆ 1,500 ರೂಪಾಯಿ ಮೀರುವಂತಿಲ್ಲ. ನಿನ್ನ 7,000ಕ್ಕೆ ಕಾಲು ಭಾಗ 1,750 ಆಗುತ್ತೆ, ಬರೋದು 1,500. ಉಳಿದ 5,500 ಕಂಪನಿ ಕೊಡಬೇಕು. ಮುಂಚೆ ಸರ್ಕಾರದ ಪಾಲು ಕಂಪನಿಗೆ ಹೋಗುತ್ತಿತ್ತು. 2023ರಿಂದ ನೇರವಾಗಿ ಹುಡುಗರ ಖಾತೆಗೇ ಬೀಳುತ್ತಿದೆ. ಪಾಸ್‌ಬುಕ್ಕಿನಲ್ಲಿ ಎರಡು ಸಾಲು ಬೇರೆ ಬೇರೆ ಕಾಣಬೇಕು.

ಆ ಚಿಕ್ಕ ಸಾಲಿನ ಮೇಲೆ ನಿನ್ನ ಕಣ್ಣಿರಲಿ. ಅದು ಬರದಿದ್ದರೆ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ನೋಡು. ಆಗಿದ್ದರೆ, ಸರ್ಕಾರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ನಿನ್ನ ಒಪ್ಪಂದ ನೋಂದಣಿ ಆಗಿದೆಯಾ ಅಂತ ಎಚ್‌ಆರ್‌ನವರನ್ನು ಕೇಳು. ನಮ್ಮ ಬೀದಿಯ ಹುಡುಗನೊಬ್ಬ ಒಂದಿಡೀ ವರ್ಷ ಅಪ್ರೆಂಟಿಸ್ ಅಂದುಕೊಂಡೇ ದುಡಿದ. ಕೊನೆಗೆ ನೋಡಿದರೆ ಕಂಪನಿ ಅವನ ಹೆಸರನ್ನೇ ಏರಿಸಿರಲಿಲ್ಲ. ಟ್ರೇಡ್ ಟೆಸ್ಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಸಾವಿರದೈನೂರು ದೊಡ್ಡ ಮೊತ್ತವೇನಲ್ಲ, ಆದರೆ ಅದು ಬರುತ್ತಿದೆ ಅಂದರೆ ನೀನು ಲೆಕ್ಕದಲ್ಲಿದ್ದೀಯ ಅಂತ.

1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಪೀಸ್ ಲೆಕ್ಕದಲ್ಲಿ ನಿನಗೆ ದುಡ್ಡು ಕೊಡುವಂತಿಲ್ಲ. ಸರ್ಕಾರದ ಅಪ್ರೆಂಟಿಸ್ ಅಧಿಕಾರಿಯ ಅನುಮತಿ ಇಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಆರ್ಡರ್ ಜೋರಾದಾಗ ಇದೆಲ್ಲ ಮರೆತುಹೋಗುತ್ತೆ ಅವರಿಗೆ! ಜಗಳ ಬೇಡ, ಸೂಪರ್‌ವೈಸರ್ ಹತ್ತಿರ ಮೆತ್ತಗೆ ಹೇಳು.

ವರ್ಷ ಮುಗಿದ ಮೇಲೆ ಅಲ್ಲೇ ಕೆಲಸ ಖಾಯಂ ಅಂತ ನಂಬಬೇಡ. ಕಲಿಯುವುದನ್ನು ಕಲಿತುಬಿಡು. ಲೋಹದ ಪಟ್ಟಿಯನ್ನು ವೈಸ್‌ಗೆ ಕಚ್ಚಿಸಿ ಫೈಲ್ (ಅರ) ಹಾಕಿದ ಮೇಲೆ, ಮೂಲೆ ನೇರ ಇದೆಯೋ ನೋಡುವ ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿ. ಸಂದಿಯಲ್ಲಿ ಬೆಳಕು ಕಂಡರೆ ಇನ್ನೂ ಕೆಲಸ ಬಾಕಿ. ಹಳೆಯ ಫಿಟ್ಟರ್‌ಗಳ ಪಕ್ಕ ನಿಂತು ನೋಡು, ಬೈದರೂ ಬಿಡಬೇಡ.

ಸೇರುವ ಮುಂಚೆ ಬ್ಯಾಂಕಿಗೆ ಹೋಗಿ ಆಧಾರ್ ಕೆಲಸ ಮುಗಿಸಿಕೋ. ಒಪ್ಪಂದದ ಒಂದು ಪ್ರತಿ ನನಗೂ ವಾಟ್ಸಾಪ್ ಮಾಡು, ಓದಿ ಹೇಳ್ತೀನಿ.

ಇತಿ,
ನಿನ್ನ ಮಾವ