ಪೂರ್ತಿ ಫಿಟ್ ಅಂತೆ!

ಮಾನ್ಯರೇ,

ಭಾನುವಾರದ ದೊಡ್ಡ ರೇಸಿನಿಂದ ಚಾಂಪಿಯನ್ ಕುದುರೆಯನ್ನು ಕೊನೆ ಗಳಿಗೆಯಲ್ಲಿ ವಾಪಸ್ ಕರೆಸಿದ್ದನ್ನು ‘ಅನಿರೀಕ್ಷಿತ’ ಎಂದು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದೀರಿ. ಯಾರಿಗೆ ಅನಿರೀಕ್ಷಿತ ಸ್ವಾಮಿ? ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್ಕಿನ ಬೇಲಿಗೆ ಒರಗಿ ನಿಂತಿದ್ದ ನನಗೇ ಗೊತ್ತಾಯಿತು. ಎಡ ಮುಂಗಾಲು ನೆಲಕ್ಕೆ ತಾಗಿದಾಗಲೆಲ್ಲ ಅದು ತಲೆ ಮೇಲಕ್ಕೆತ್ತುತ್ತಿತ್ತು. ಮುಂಗಾಲು ನೋಯುವ ಕುದುರೆ ಮಾಡುವುದೇ ಹಾಗೆ. ಹಿಡಿದು ನಡೆಸುತ್ತಿದ್ದ ಹುಡುಗ ಕೂಡ ಆ ಕಾಲನ್ನೇ ನೋಡುತ್ತಿದ್ದ. ಮೈಕಿನಲ್ಲಿ ಮಾತ್ರ ‘ಪೂರ್ತಿ ಫಿಟ್, ಪೂರ್ತಿ ಫಿಟ್’!

ಎರಡು ಗಂಟೆ ಬಿಸಿಲಲ್ಲಿ ನಿಂತಿದ್ದೆ. ಕೊಡೆ ಒಳಗೆ ಬಿಡಲಿಲ್ಲ. ಟಿಕೆಟಿಗೆ ಒಂದು ಕ್ಯೂ, ಬೆಟ್ಟಿಂಗಿಗೆ ಇನ್ನೊಂದು. ಕುದುರೆ ಓಟ ಶುರುವಾಗುವ ಗೇಟಿನ ತನಕ ಹೋಗಿ ತಿರುಗಿ ಬಂದ ಮೇಲೆ ದುಡ್ಡು ವಾಪಸ್ ಪಡೆಯಲು ಮೂರನೆಯದು. ನನ್ನ ಸರದಿ ಬರುವಷ್ಟರಲ್ಲಿ ಕೌಂಟರಿನವನು ಎದ್ದು ಹೋದ. ಅವನಿಗೂ ಕಾಲು ನೋವೇನೋ, ಪಾಪ.

ಹೋದ ಸೀಸನ್ನಿನಲ್ಲೇ ಈ ಕುದುರೆಯ ಕಾಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ನರದಂಥ ಹುರಿ) ಊದಿಕೊಂಡಿತ್ತು, ಅಲ್ವಾ? ರೇಸ್‌ಕೋರ್ಸಿನವರನ್ನು ಕೇಳಿದರೆ ಅಮೆರಿಕದ ಸೀಬಿಸ್ಕಿಟ್ ಎಂಬ ಕುದುರೆಯ ಕಥೆ ಹೇಳುತ್ತಾರೆ. 1939ರಲ್ಲಿ ಕಾಲು ಕೆಡಿಸಿಕೊಂಡು 1940ರಲ್ಲಿ ಸಾಂಟಾ ಅನಿಟಾ ಹ್ಯಾಂಡಿಕ್ಯಾಪ್ ಎಂಬ ದೊಡ್ಡ ರೇಸ್ ಗೆದ್ದಿತಂತೆ. ಜಪಾನಿನ ಕುದುರೆ ಟೋಕಾಯ್ ಟೆಯೊ ಕೂಡ ಪದೇ ಪದೇ ಪೆಟ್ಟು ತಿಂದು, ಎದ್ದು ಬಂದು 1993ರ ಅರಿಮಾ ಕಿನೆನ್ ರೇಸ್ ಗೆದ್ದಿತಂತೆ. ಸರಿ, ಒಪ್ಪಿದೆ. ಆದರೆ ಎರಡೂ ಮತ್ತೆ ಓಡಿದ್ದು ಹೆಚ್ಚುಕಡಿಮೆ ಒಂದು ವರ್ಷದ ಬಿಡುವಿನ ನಂತರ. ಆ ಮಾತನ್ನು ಮಾತ್ರ ನುಂಗಿಬಿಡುತ್ತಾರೆ. ನಮ್ಮದನ್ನು ನಾಲ್ಕೇ ತಿಂಗಳಿಗೆ ಎಳೆದು ತಂದರು. ಅಮೆರಿಕದ ಇನ್ನೊಂದು ಕುದುರೆ ಬಾರ್ಬಾರೊ ಹೆಸರೆತ್ತಿದರೆ ಯಾರೂ ಬಾಯಿ ಬಿಡುವುದಿಲ್ಲ. 2006ರಲ್ಲಿ ಕೆಂಟಕಿ ಡರ್ಬಿ ಗೆದ್ದ ಎರಡೇ ವಾರಕ್ಕೆ ಪ್ರೀಕ್‌ನೆಸ್ ರೇಸಿನಲ್ಲಿ ಅದರ ಹಿಂಗಾಲು ಮುರಿಯಿತು. ಎಂಟು ತಿಂಗಳು ಒದ್ದಾಡಿತು. ಕೊನೆಗೆ ಇಂಜೆಕ್ಷನ್ ಕೊಟ್ಟು ಶಾಶ್ವತವಾಗಿ ಮಲಗಿಸಬೇಕಾಯಿತು.

ಈ ರೇಸ್‌ಕೋರ್ಸಿನವರಿಗೆ ಹೇಳಿ ಏನು ಪ್ರಯೋಜನ? ನಾಲ್ಕು ವರ್ಷದ ಹಿಂದೆ ಕುಡಿಯುವ ನೀರಿನ ನಲ್ಲಿ ಬಗ್ಗೆ ಬರೆದಿದ್ದೆ. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ನಲ್ಲಿ ಇನ್ನೂ ಒಣಗಿಕೊಂಡೇ ಇದೆ. ಶೌಚಾಲಯದ ಚಿಲಕದ ಸುದ್ದಿ ಬೇಡವೇ ಬೇಡ. ಅಧಿಕಾರಿಗಳು ಕೂರುವ ಕಡೆ ಮಾತ್ರ ಫ್ಯಾನು ಒಂದು ದಿನವೂ ನಿಂತದ್ದು ನೋಡಿಲ್ಲ.

ಆ ಕುದುರೆಯನ್ನು ರೇಸಿನಿಂದ ಬಿಡಿಸಿ, ಇಲ್ಲವೇ ಸರಿಯಾಗಿ ವಾಸಿ ಮಾಡಿ ಓಡಿಸಿ. ಡಾಕ್ಟರ್ ವರದಿಯನ್ನು ಹಿಂದಿನ ದಿನವೇ ಬೋರ್ಡಿಗೆ ಅಂಟಿಸಿ. ಕೌಂಟರಿನಲ್ಲಿ ಒಬ್ಬನನ್ನಾದರೂ ಕೂರಿಸಿ. ಇದ್ಯಾವುದೂ ಆಗದಿದ್ದರೆ ಆ ಮೈಕಿನವರೇ ಬಿಸಿಲಲ್ಲಿ ಒಂದು ಸುತ್ತು ಓಡಲಿ. ಎಷ್ಟು ಫಿಟ್ ಇದ್ದಾರೆ ನಾವೂ ನೋಡುತ್ತೇವೆ.

– ದುಡ್ಡು ಇನ್ನೂ ವಾಪಸ್ ಸಿಗದ ಪ್ರೇಕ್ಷಕ