ದೋಹಾದ ಲೌಂಜಿನಲ್ಲಿ ಆರು ಗಂಟೆ: ಅಣ್ಣನ ಮಗಳಿಗೆ ಅತ್ತೆಯ ಕಾಗದ

ಕುವೆಂಪುನಗರ, ಮೈಸೂರು

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ಮಂಡ್ಯದಲ್ಲಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಕಂಪನಿಯವರು ಕೆಲಸಕ್ಕೆ ಅಂತ ನಿನ್ನನ್ನು ಬಿಸಿನೆಸ್ ಕ್ಲಾಸಿನಲ್ಲಿ ಬಾಸ್ಟನ್ನಿಗೆ ಕಳಿಸುತ್ತಿದ್ದಾರೆ, ನಡುವೆ ಕತಾರಿನ ದೋಹಾದಲ್ಲಿ ವಿಮಾನ ಬದಲಿಸಲು ಆರು ಗಂಟೆ ಕಾಯಬೇಕು ಅಂದೆ. ಮೊನ್ನೆ ಫೋನಿನಲ್ಲಿ ನೀನು "ಅತ್ತೆ, ಆ ಲೌಂಜ್ ಒಳಗೆ ನಮ್ಮಂಥವರು ಹೋದ್ರೆ ಏನಾದ್ರೂ ಅಂತಾರಾ?" ಅಂತ ಕೇಳಿದೆಯಲ್ಲ, ಆ ಮಾತು ನನಗೆ ಸಂಕಟ ಮಾಡಿತು. ಯಾರೂ ಏನೂ ಅನ್ನುವುದಿಲ್ಲ ಕಣೇ. ಲೌಂಜ್ ಅಂದರೆ ವಿಮಾನಕ್ಕೆ ಕಾಯುವವರು ಕೂತು, ತಿಂದು, ಸುಧಾರಿಸಿಕೊಳ್ಳುವ ಜಾಗ, ಅಷ್ಟೇ. ಬಿಸಿನೆಸ್ ಕ್ಲಾಸ್ ಟಿಕೆಟ್ಟಿನ ದುಡ್ಡಿನಲ್ಲಿ ಸಾಮಾನ್ಯವಾಗಿ ಅದರ ಬಾಬ್ತೂ ಸೇರಿರುತ್ತದೆ. ಈ ಲೌಂಜ್‌ಗಳು ಶುರುವಾದಾಗ ಬೇರೆ ಥರ ಇತ್ತು. 1939ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನವರು ನ್ಯೂಯಾರ್ಕಿನ ಲಾಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ಅಡ್ಮಿರಲ್ಸ್ ಕ್ಲಬ್ ತೆರೆದಾಗ ಅವರು ಕರೆದವರಿಗೆ ಮಾತ್ರ ಪ್ರವೇಶ. ಈಗ ಹಾಗಿಲ್ಲ. ಬಾಗಿಲಲ್ಲಿ ಬೋರ್ಡಿಂಗ್ ಪಾಸ್ ನೋಡುತ್ತಾರೆ, ಅಷ್ಟೇ. ನೀನು ಯಾವ ಚಪ್ಪಲಿ ಹಾಕಿದ್ದೀಯ, ನಿನ್ನ ಇಂಗ್ಲಿಷ್ ಹೇಗಿದೆ ಅಂತ ನೋಡುವವರು ಅಲ್ಲಿಲ್ಲ.

ನಾನು ಟ್ರಾವೆಲ್ಸ್ ಆಫೀಸಿನಲ್ಲಿ ಟಿಕೆಟ್ ಮಾಡಿಸುತ್ತಾ ಬದುಕು ಕಳೆದವಳು. ಆ ಲೌಂಜ್‌ಗಳಲ್ಲಿ ಕೂತೂ ಬಂದಿದ್ದೇನೆ. ಒಂದು ಮಾತು ಮನಸ್ಸಲ್ಲಿ ಇಟ್ಟುಕೋ. ಬಾಸ್ಟನ್ನಿನಲ್ಲಿ ಇಳಿದ ಮರುದಿನವೇ ನೀನು ಕೆಲಸಕ್ಕೆ ಕೂರಬೇಕು. ದೋಹಾದಲ್ಲಿ ಸಿಗುವ ಆ ಆರು ಗಂಟೆಯನ್ನು ನಿನ್ನ ಮೈಗೆ ಕೊಡು. ಫೋಟೋಗೂ ಬೇಡ, ತಿನ್ನುವುದಕ್ಕೂ ಬೇಡ.

ಮೊದಲು ಬೆಂಗಳೂರಿನ ವಿಷಯ. ಅಂತರರಾಷ್ಟ್ರೀಯ ವಿಮಾನಗಳು 2023ರ ಸೆಪ್ಟೆಂಬರ್‌ನಿಂದ ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ಮೈಸೂರಿನಿಂದ ಕೆಎಸ್ಆರ್‌ಟಿಸಿ ಫ್ಲೈಬಸ್ ನೇರ ಅಲ್ಲಿಗೇ ಹೋಗುತ್ತದೆ. ನಿಮ್ಮಪ್ಪ ಕಾರಿನಲ್ಲಿ ಬಿಡುತ್ತೇನೆ ಅಂದರೂ ಬಾಗಿಲವರೆಗೆ ಮಾತ್ರ, ಟಿಕೆಟ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಲೌಂಜ್ ಇರುವುದು ಚೆಕ್ ಇನ್, ಇಮಿಗ್ರೇಷನ್, ತಪಾಸಣೆ ಎಲ್ಲಾ ಮುಗಿದ ಮೇಲೆ. ಚೆಕ್ ಇನ್ ಕೌಂಟರ್ ತೆರೆಯುವುದೇ ಸುಮಾರು ಮೂರು ಗಂಟೆ ಮುಂಚೆ. ಹಾಗಾಗಿ ಲೌಂಜಿನಲ್ಲಿ ಆರಾಮಾಗಿ ಕೂರೋಣ ಅಂತ ಸಂಜೆಯೇ ಹೋಗಿ ಕಾಯುವುದು ಸುಮ್ನೆ ದಂಡ. ಯಾವ ಲೌಂಜಿಗೆ ಹೋಗಬೇಕು ಅಂತ ಚೆಕ್ ಇನ್ ಮಾಡುವವರನ್ನೇ ಕೇಳು. ಇಲ್ಲಿನ ಲೌಂಜ್‌ಗಳಿಗೆ ಕ್ರೆಡಿಟ್ ಕಾರ್ಡ್ ತೋರಿಸಿ ಬರುವವರೂ ಜಾಸ್ತಿ. ರಾತ್ರಿ ವಿಮಾನಗಳ ಹೊತ್ತಿಗೆ ಜಾಗ ಸಿಗೋದೇ ಕಷ್ಟ ಆಗಬಹುದು. ಬೇಜಾರು ಮಾಡಿಕೊಳ್ಳಬೇಡ. ಮೊಸರನ್ನವೋ ಇಡ್ಲಿಯೋ ಸಿಕ್ಕಷ್ಟು ತಿಂದು, ವಿಮಾನ ಹತ್ತಿದ ಕೂಡಲೇ ಸೀಟು ಮಲಗಿಸಿ ನಿದ್ದೆ ಮಾಡು. ದೋಹಾಕ್ಕೆ ನಾಲ್ಕು ಗಂಟೆ ಚಿಲ್ಲರೆ ದಾರಿ. ಊಟ ತರುತ್ತಾರೆ ಅಂತ ಎಚ್ಚರ ಇದ್ದರೆ ಆ ನಿದ್ದೆಯೂ ಹೋಗುತ್ತದೆ.

ಅಸಲಿ ಲೌಂಜ್ ಅಂದರೆ ದೋಹಾದ್ದು. ಹಮದ್ ವಿಮಾನ ನಿಲ್ದಾಣದಲ್ಲಿ ಕತಾರ್ ಏರ್‌ವೇಸ್‌ನ ಅಲ್ ಮುರ್ಜಾನ್ ಬಿಸಿನೆಸ್ ಲೌಂಜ್ 10,000 ಚದರ ಮೀಟರ್ ಇದೆ. ಅಂದರೆ ಹೆಚ್ಚುಕಡಿಮೆ ಎರಡೂವರೆ ಎಕರೆ. ನಿಮ್ಮ ನಾಲೆ ಪಕ್ಕದ ಕಬ್ಬಿನ ಗದ್ದೆಗೆ ಚಾವಣಿ ಹಾಕಿದ ಹಾಗೆ ಅಂದುಕೋ. ನಡುವೆ ನೀರಿನ ಕೊಳ, ಮೇಲಿನ ಅಂತಸ್ತಿನಲ್ಲಿ ಊಟದ ಜಾಗ. 2023ರಲ್ಲಿ ಇನ್ನೊಂದು ತೆರೆದರು, ಗಾರ್ಡನ್ ಅಂತ ಅದರ ಹೆಸರು. ಅದರ ಕೆಳಗೆ ನಿಲ್ದಾಣದ ಒಳಗೇ ಬೆಳೆಸಿದ ಮರಗಳ ತೋಟ ಕಾಣುತ್ತದೆ. ಬಾಸ್ಟನ್ ವಿಮಾನದ ಗೇಟಿಗೆ ಯಾವುದು ಹತ್ತಿರವೋ ಅಲ್ಲಿಗೆ ಹೋಗು. ದಾರಿ ತಪ್ಪಿದರೆ ಹಳದಿ ಬಣ್ಣದ ದೊಡ್ಡ ಕರಡಿ ಬೊಂಬೆ ಎಲ್ಲಿ ಅಂತ ಕೇಳು, ಯಾರು ಬೇಕಾದರೂ ತೋರಿಸುತ್ತಾರೆ. ಅಲ್ಲಿಂದ ಬೋರ್ಡುಗಳು ಸಿಗುತ್ತವೆ.

ಒಳಗೆ ಹೋದ ತಕ್ಷಣ ಜಾಗ ಹುಡುಕಬೇಡ, ಊಟ ನೋಡಬೇಡ. ಮೊದಲು ಸ್ನಾನಕ್ಕೆ ಹೆಸರು ಬರೆಸು. ಬೆಳಗಿನ ಹೊತ್ತು ಎಲ್ಲಾ ಕಡೆಯಿಂದ ವಿಮಾನ ಬಂದು ಇಳಿದಿರುತ್ತವೆ, ಸ್ನಾನದ ಕೋಣೆಗೆ ಕಾಯಬೇಕಾಗುತ್ತದೆ. ಅಲ್ಲಿನ ಸಿಬ್ಬಂದಿಗೆ ಬೋರ್ಡಿಂಗ್ ಪಾಸ್ ತೋರಿಸಿ ಕೇಳಿದರೆ ಸಾಕು. ಟವೆಲ್, ಸೋಪು, ಶಾಂಪೂ ಎಲ್ಲಾ ಅವರದೇ. ನಲ್ಲಿ ತಿರುಗಿಸುವ ಮುಂಚೆ ಒಂದು ಕೆಲಸ ಮಾಡು. ಬಟ್ಟೆ, ಪಾಸ್‌ಪೋರ್ಟ್ ಇರುವ ಚೀಲ ಎಲ್ಲಾ ಗಾಜಿನ ಬಾಗಿಲಿನ ಆಚೆಗೆ ಇಡು. ಎಷ್ಟೋ ಕಡೆ ಒಂದೇ ಹಿಡಿಕೆಯಲ್ಲಿ ಬಿಸಿ, ತಣ್ಣೀರು, ಮೇಲಿನ ಶವರ್, ಕೈ ಶವರ್ ಎಲ್ಲಾ ಇರುತ್ತದೆ. ಗೊತ್ತಿಲ್ಲದೆ ತಿರುಗಿಸಿದರೆ ತಲೆ ಮೇಲಿಂದ ನೀರು ಧಪ್ ಅಂತ ಸುರಿದು ತೂಗುಹಾಕಿದ ಚೂಡಿದಾರ್ ಪೂರ್ತಿ ಒದ್ದೆ. ಪಕ್ಕಕ್ಕೆ ನಿಂತು ಸ್ವಲ್ಪ ಸ್ವಲ್ಪವೇ ತಿರುಗಿಸು. ಒಂದು ಜೊತೆ ಬಟ್ಟೆ ಕೈಚೀಲದಲ್ಲೇ ಇರಲಿ. ಅದು ಹಾಕಿಕೊಂಡು ಬಂದ ಮೇಲೆ ಹಿಂದಿನ ರಾತ್ರಿಯ ಸುಸ್ತು ಅರ್ಧ ಇಳಿದಿರುತ್ತದೆ, ನೋಡು ಬೇಕಾದರೆ.

ಆಮೇಲೆ ಲಘುವಾಗಿ ತಿನ್ನು. ಅಲ್ಲಿ ಇಟ್ಟಿರುವುದನ್ನೆಲ್ಲ ನೋಡಿದರೆ ಮದುವೆ ಮನೆಯಲ್ಲೂ ಅಷ್ಟು ಬಗೆ ಇರಲ್ಲ ಅನ್ನಿಸುತ್ತದೆ. ಆದರೆ ಮುಂದೆ ಹದಿಮೂರು ಗಂಟೆಯ ಹತ್ತಿರ ಹಾರಬೇಕು, ಹೊಟ್ಟೆ ಭಾರ ಮಾಡಿಕೊಂಡರೆ ನೀನೇ ಅನುಭವಿಸಬೇಕು. ಮಾಂಸ ಮುಟ್ಟದವಳಿಗೆ ಅರಬ್ಬರ ಊಟ ಒಳ್ಳೆಯದೇ. ಹಮ್ಮುಸ್ ಅಂದರೆ ಬೇಯಿಸಿದ ಕಾಬೂಲಿ ಕಡಲೆ, ಎಳ್ಳು, ನಿಂಬೆಹಣ್ಣು, ಬೆಳ್ಳುಳ್ಳಿ ಹಾಕಿ ನುಣ್ಣಗೆ ರುಬ್ಬಿದ್ದು. ಮುತಬ್ಬಲ್ ಸುಟ್ಟ ಬದನೆಕಾಯಿಯದು. ಫಲಾಫೆಲ್ ನಮ್ಮ ಆಂಬೊಡೆಗೆ ದೂರದ ನೆಂಟ. ಸೂಪ್ ಮಾತ್ರ ಕೇಳದೆ ಕುಡಿಯಬೇಡ. ತರಕಾರಿ ಸೂಪ್ ಅಂತ ಬರೆದಿದ್ದರೂ ಕೋಳಿ ಬೇಯಿಸಿದ ನೀರು ಹಾಕಿರಬಹುದು. ಅಲುಗಾಡುವ ಪುಡಿಂಗ್‌ಗಳಲ್ಲಿ ಜೆಲಾಟಿನ್ ಇರಬಹುದು, ಅದು ಪ್ರಾಣಿಯ ಮೂಳೆ, ಚರ್ಮದಿಂದ ಮಾಡುವುದು. "ಇದರಲ್ಲಿ ಏನಿದೆ?" ಅಂತ ಕೇಳುವುದರಲ್ಲಿ ನಾಚಿಕೆ ಯಾಕೆ? ಅಲ್ಲಿ ಕೆಲಸ ಮಾಡುವವರಲ್ಲಿ ಕೇರಳದವರು, ನೇಪಾಳದವರು ಬೇಕಾದಷ್ಟು ಜನ. ಹಿಂದಿಯಲ್ಲೇ ಕೇಳು.

ನೀರು ಜಾಸ್ತಿ ಕುಡಿ. ವಿಮಾನದೊಳಗಿನ ಗಾಳಿ ತುಂಬಾ ಒಣ, ಎಷ್ಟೋ ಸಲ ತೇವಾಂಶ ಶೇಕಡಾ 20ಕ್ಕಿಂತ ಕಡಿಮೆ. ವೈನು, ಶಾಂಪೇನ್ ಬಿಟ್ಟಿ ಸಿಗುತ್ತದೆ. ನಿನಗೆ ಹೇಳಬೇಕಿಲ್ಲ ಅಂತ ಗೊತ್ತು, ಆದರೂ ಅತ್ತೆ ಅನ್ನಿಸಿಕೊಂಡ ಮೇಲೆ ಹೇಳುತ್ತೇನೆ. ನಿದ್ದೆ ಕೆಡಿಸುವ ಯಾವುದೂ ಅವತ್ತು ಬೇಡ. ಕಾಫಿ ಕೂಡ ಒಂದೇ ಲೋಟ.

ಸದ್ದಿಲ್ಲದ ಕೋಣೆಗಳಿವೆ, ಮೊದಲು ಹೋದವರಿಗೆ ಜಾಗ. ಮಲಗುವ ಮುಂಚೆ ಪಾಸ್‌ಪೋರ್ಟ್ ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೋ. ಅಲಾರಂ ಇಡುವಾಗ ಹುಷಾರು. ಕತಾರ್ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಕೈಗಡಿಯಾರ ನಮ್ಮ ಸಮಯದಲ್ಲಿ, ಫೋನು ಅಲ್ಲಿನ ಸಮಯದಲ್ಲಿ ಇದ್ದರೆ ನಿದ್ದೆಗಣ್ಣಲ್ಲಿ ಗಲಿಬಿಲಿ ಆಗುತ್ತದೆ. ಎರಡನ್ನೂ ಅಲ್ಲಿನದಕ್ಕೆ ತಿರುಗಿಸಿಬಿಡು. ಇಂಥ ಲೌಂಜ್‌ಗಳಲ್ಲಿ ವಿಮಾನ ಹೊರಡುತ್ತದೆ ಅಂತ ಸಾಮಾನ್ಯವಾಗಿ ಮೈಕಿನಲ್ಲಿ ಕೂಗುವುದಿಲ್ಲ. ಟಿವಿ ಪರದೆ ನೀನೇ ನೋಡಬೇಕು. ದೂರದ ಗೇಟುಗಳಿಗೆ ನಿಲ್ದಾಣದ ಒಳಗೇ ರೈಲು ಹತ್ತಬೇಕು. ಅಮೆರಿಕಕ್ಕೆ ಹೋಗುವ ವಿಮಾನಕ್ಕೆ ಗೇಟಿನ ಹತ್ತಿರ ಇನ್ನೊಂದು ತಪಾಸಣೆ ಇರುವುದುಂಟು, ತುಂಬಿಸಿಕೊಂಡ ನೀರಿನ ಬಾಟಲಿ ಅಲ್ಲಿ ಖಾಲಿ ಮಾಡಿಸಬಹುದು. ಹೊರಡುವುದಕ್ಕೆ 20 ನಿಮಿಷ ಇರುವಾಗ ಗೇಟು ಮುಚ್ಚುತ್ತಾರೆ. ನೀನು ಒಂದೂವರೆ ಗಂಟೆ ಮುಂಚೆಯೇ ಲೌಂಜಿನಿಂದ ಎದ್ದುಬಿಡು. ಸೋಫಾ ಎಷ್ಟೇ ಮೆತ್ತಗಿರಲಿ, ಏಳು.

ಇದಕ್ಕೆಲ್ಲ ಮುಂಚೆ ಒಂದು ಕೆಲಸ ಆಗಬೇಕು. ಬಿಸಿನೆಸ್ ಕ್ಲಾಸ್ ಟಿಕೆಟ್ ಎಲ್ಲವೂ ಒಂದೇ ಥರ ಅಲ್ಲ. ಕತಾರ್ ಏರ್‌ವೇಸ್‌ನಲ್ಲಿ ಬಿಸಿನೆಸ್ ಲೈಟ್ ಅಂತ ಕಡಿಮೆ ದರದ ಟಿಕೆಟ್ ಇದೆ, ಎಮಿರೇಟ್ಸ್‌ನಲ್ಲಿ ಸ್ಪೆಷಲ್ ಅಂತ. ಸೀಟು ಅದೇ, ಆದರೆ ಲೌಂಜ್ ಅದರಲ್ಲಿ ಸೇರಿರುವುದಿಲ್ಲ. ಕಂಪನಿಯವರು ದುಡ್ಡು ಉಳಿಸೋಕೆ ಅದನ್ನೇ ತೆಗೆದಿದ್ದರೆ ದೋಹಾದ ಬಾಗಿಲಲ್ಲಿ ನಿಂತಾಗ ಗೊತ್ತಾಗುತ್ತದೆ. ಹಾಗೆ ಆಗೋದು ಬೇಡ. ಟಿಕೆಟ್ಟಿನ ಪಿಡಿಎಫ್ ಇವತ್ತೇ ನನಗೆ ವಾಟ್ಸಾಪ್ ಮಾಡು, ನೋಡಿ ಹೇಳುತ್ತೇನೆ. ಲೈಟ್ ಅಂತ ಇದ್ದರೆ ನಿಮ್ಮ ಆಫೀಸಿನ ಟ್ರಾವೆಲ್ ಡೆಸ್ಕಿಗೆ ಈ ವಾರವೇ ಬರೆದು ಬದಲಾಯಿಸಿಕೊಡಿ ಅಂತ ಕೇಳು. ಅದರ ಜೊತೆಗೇ ವಿಮಾನದ ಊಟಕ್ಕೆ ಎವಿಎಂಎಲ್ ಅನ್ನುವ ಕೋಡ್ ಹಾಕಿಸು, ಅದು ನಮ್ಮ ಕಡೆಯ ಸಸ್ಯಾಹಾರ. ವಿಜಿಎಂಎಲ್ ಅಂತ ಹಾಕಿದರೆ ಹಾಲು, ಮೊಸರು ಇಲ್ಲದ ಊಟ ಬರುತ್ತದೆ.

ನಿನ್ನ ಅತ್ತೆ